ಜಪಾನಿನಲ್ಲಿ ತಹಶೀಲ್ದಾರನನ್ನು ಹುಡುಕಿದ್ದು

ಕೀಲ್ಪಾಕ್

ಜಪಾನಿಗೆ ಹೋಗಬೇಕಾಗಿದ್ದವನು ನಾನಲ್ಲ. ಮದ್ರಾಸಿನ ಸೆಕ್ರೆಟೇರಿಯಟ್ಟಿನ ನಮ್ಮ ಕಂದಾಯ ವಿಭಾಗದಿಂದ ಆಯ್ಕೆಯಾದವರು ನನ್ನ ಮೇಲಧಿಕಾರಿಗಳು. ಅವರು ಹೊರಡುವ ಹೊತ್ತಿಗೆ ಸರಿಯಾಗಿ ಮಗಳಿಗೆ ಗಂಡು ಗೊತ್ತಾಯಿತು. ಮುಹೂರ್ತವನ್ನು ಮುಂದೆ ಹಾಕಲು ಬೀಗರು ಒಪ್ಪಲಿಲ್ಲ, ತರಬೇತಿಯನ್ನು ಮುಂದೆ ಹಾಕಲು ಜಪಾನಿನವರು ಒಪ್ಪಲಿಲ್ಲ. ಬದಲಿಗೆ ಯಾರು ಎಂಬ ಪ್ರಶ್ನೆ ಎದ್ದಾಗ, ವಿಭಾಗದಲ್ಲಿ ಉಣ್ಣೆಯ ಕೋಟು ಇರುವವನು ನಾನೊಬ್ಬನೇ ಎಂದು ಯಾರೋ ನೆನಪಿಸಿದರಂತೆ. ನನ್ನ ಆಯ್ಕೆಯ ಬಗ್ಗೆ ಬೇರೆ ಕಥೆಗಳೂ ನಮ್ಮ ಬಂಧುಗಳಲ್ಲಿ ಚಾಲ್ತಿಯಲ್ಲಿವೆ. ಅವೆಲ್ಲ ನಾನೇ ಹಬ್ಬಿಸಿದವು.

ಏಷ್ಯದ ದೇಶಗಳ ಅಧಿಕಾರಿಗಳಿಗೆ ಸ್ಥಳೀಯ ಆಡಳಿತವನ್ನು ತೋರಿಸುವ ತರಬೇತಿ ಅದು. ನನ್ನ ಪಾಲಿಗೆ ಬಂದ ವಿಷಯ, ಜಪಾನಿನ ಪ್ರಾಂತ್ಯಗಳು ಕೆಳಗೆ ಹೇಗೆ ಹೇಗೆ ಹಂಚಿಹೋಗಿವೆ ಎಂಬುದು. ಇದರಲ್ಲಿ ಕಲಿಯುವುದಕ್ಕೆ ಏನೂ ಇಲ್ಲವೆಂದು ನಾನು ಹೊರಡುವ ಮೊದಲೇ ತೀರ್ಮಾನಿಸಿದ್ದೆ. ಗ್ರಂಥಾಲಯದ ಮೂಲೆಯಲ್ಲಿ ಸಿಕ್ಕಿದ ಹಳೆಯ ಇಂಗ್ಲಿಷ್ ಪುಸ್ತಕವೊಂದರ ಪ್ರಕಾರ ಅಲ್ಲಿಯ 'ಕೆನ್' ಎಂದರೆ ನಮ್ಮ ಜಿಲ್ಲೆ, 'ಗುನ್' ಎಂದರೆ ನಮ್ಮ ತಾಲೂಕು, 'ಮುರ' ಎಂದರೆ ಹಳ್ಳಿ. ಜಿಲ್ಲೆಗೆ ಕಲೆಕ್ಟರ್ ಇದ್ದಮೇಲೆ ತಾಲೂಕಿಗೆ ತಹಶೀಲ್ದಾರ ಇರಲೇಬೇಕು. ಅವನು ಕಿಮೊನೊ ಉಟ್ಟಿರಬಹುದು, ಅಷ್ಟೇ ವ್ಯತ್ಯಾಸ.

ತ್ಯಾಗರಾಯ ನಗರದಲ್ಲಿ ಹೋಟೆಲು ಇಟ್ಟಿರುವ ನನ್ನ ಹೆಂಡತಿಯ ತಮ್ಮ ವಾಸುದೇವ ಬೀಳ್ಕೊಡಲು ಕೀಲ್ಪಾಕಿನ ನಮ್ಮ ಮನೆಗೆ ಬಂದ. ಉಡುಪಿ ಕಡೆಯವನು. ಅವನಿಗೆ ಆಡಳಿತದ ವಿಷಯದಲ್ಲಿ ಆಸಕ್ತಿ ಇರಲಿಲ್ಲ.

"ಭಾವ, ಅಲ್ಲಿ ಎಲ್ಲದಕ್ಕೂ ಮೀನು ಹಾಕ್ತಾರಂತೆ. ನೀವು ಎಂತ ತಿಂತೀರಿ?"

"ಅನ್ನ ಉಂಟಲ್ಲ. ಅನ್ನಕ್ಕೆ ಮೀನು ಹಾಕ್ಲಿಕ್ಕೆ ಆಗ್ತದಾ?"

"ಅದನ್ನೂ ಮಾಡ್ತಾರಂತೆ. ಅನ್ನದ ಮೇಲೆ ಹಸಿ ಮೀನು ಇಟ್ಟು ಕೊಡ್ತಾರಂತೆ."

ನನ್ನ ಹೆಂಡತಿ ಶಾರದೆ ಅದನ್ನು ಕೇಳಿದವಳೇ ಎದ್ದು ಒಳಗೆ ಹೋದಳು. ಮರುದಿನ ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚು ಅವಲಕ್ಕಿ, ಚಟ್ನಿಪುಡಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಮಗಳು ವಾಸಂತಿ ತನ್ನ ರೂಢಿಯಂತೆ ತಮಿಳಿನಲ್ಲಿ, "ಅಪ್ಪಾ, ಎನಕ್ಕು ಎನ್ನ ಕೊಂಡು ವರುವೀಂಗ?" ಎಂದು ಕೇಳಿದಳು. ಅವಳಿಗೆ ಏನು ತರುತ್ತೇನೆಂದು ಕನ್ನಡದಲ್ಲಿ ವಿವರಿಸಿದೆ. ಸರಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಟೋಕಿಯೊ

ನನಗೆ ದಾರಿ ತೋರಿಸಲು, ಮಾತು ತಿಳಿಸಲು ಗೊತ್ತುಮಾಡಿದ್ದ ಅಧಿಕಾರಿಯ ಹೆಸರು ಹರಾದ. ನಲವತ್ತು ದಾಟಿದವರು, ತೆಳ್ಳಗೆ, ಉದ್ದಕ್ಕೆ, ಮಡಿಸಿಟ್ಟ ಕೊಡೆಯ ಹಾಗೆ ಇದ್ದರು. ಅವರ ಇಂಗ್ಲಿಷು ಎಚ್ಚರಿಕೆಯದು, ನನ್ನದು ಫೈಲಿನದು. ಅವರು ಒಂದು ವಾಕ್ಯವನ್ನು ಹೇಳುವ ಮುಂಚೆ ಅದನ್ನು ಮನಸ್ಸಿನಲ್ಲಿ ಒಮ್ಮೆ ನಡೆಸಿ ನೋಡುತ್ತಿದ್ದರು. ನಾನು ಹೇಳಿದ ಮೇಲೆಯೂ ನೋಡುತ್ತಿರಲಿಲ್ಲ.

ಮೊದಲ ದಿನವೇ ನಾನು, "ನನಗೆ ಒಂದು ಗುನ್ ಕಚೇರಿ ತೋರಿಸಿ" ಎಂದೆ.

ಹರಾದ ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡರು. "ಅದು ಸ್ವಲ್ಪ ಕಷ್ಟ" ಎಂದರು.

ಸರಕಾರಿ ನೌಕರನಾಗಿ ನನಗೆ ಅರ್ಥವಾಗಿದ್ದು, ಅನುಮತಿ ಬೇಕು ಎಂದು. ಮದ್ರಾಸಿನಲ್ಲಿ ಕಷ್ಟ ಎಂದರೆ ಇನ್ನೂ ಒಬ್ಬರ ಸಹಿ ಬಾಕಿ ಇದೆ ಎಂದರ್ಥ. ಆದ್ದರಿಂದ ಮರುದಿನವೂ ಕೇಳಿದೆ. "ಸ್ವಲ್ಪ ಕಷ್ಟ." ಅದರ ಮರುದಿನ ದನಿ ಏರಿಸಿ, ನಮ್ಮ ಸರಕಾರ ನನ್ನನ್ನು ಕಳಿಸಿರುವುದೇ ಇದಕ್ಕಾಗಿ ಎಂದೆ. ಹರಾದ ಕಣ್ಣು ಮುಚ್ಚಿ ತೆರೆದು, "ತುಂಬ ಕಷ್ಟ" ಎಂದರು. ಪ್ರಗತಿಯಾಗುತ್ತಿದೆ ಎಂದು ನನಗೆ ಅನಿಸಿತು.

ಜಪಾನಿನವರ ಬಾಯಲ್ಲಿ 'ಸ್ವಲ್ಪ ಕಷ್ಟ' ಎಂದರೆ 'ಇಲ್ಲ' ಎಂದರ್ಥವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಅದೇ ಉತ್ತರ ನನಗೆ ಇನ್ನೊಂದು ಪೆಟ್ಟನ್ನೂ ಕೊಟ್ಟಿತ್ತು. ವಸತಿಗೃಹದಲ್ಲಿ ಸೊಪ್ಪಿನ ಪಲ್ಯದ ಮೇಲೆ ಮರದ ಹೊಟ್ಟಿನಂತೆ ಏನೋ ಉದುರಿಸಿ ಕೊಡುತ್ತಿದ್ದರು. ಬಿಸಿಗೆ ಅದು ಜೀವವಿದ್ದಂತೆ ಅಲುಗಾಡುತ್ತಿತ್ತು. ನಾಲಿಗೆಗೆ ಹಿತವಾಗಿತ್ತು. ಬಡಗಿ ಕೆಲಸದಲ್ಲಿ ಇಷ್ಟು ನಿಪುಣರಾದ ಜನ ಮರವನ್ನೂ ತಿನ್ನುತ್ತಾರೆ ಎಂದು ಮೆಚ್ಚಿಕೊಂಡು ದಿನಾ ತಿಂದೆ. ಇದು ಯಾವ ಮರ, ನಮ್ಮಲ್ಲಿ ಬೆಳೆಯಬಹುದೇ ಎಂದು ಹರಾದರನ್ನು ಕೇಳಿದಾಗ ಅವರು, "ಸ್ವಲ್ಪ ಕಷ್ಟ" ಎಂದರು. ಆಮೇಲೆ, ಅದು ಈಜುತ್ತದೆ ಎಂದೂ ಸೇರಿಸಿದರು. ಒಣಗಿಸಿ ಕಲ್ಲಿನಂತೆ ಮಾಡಿದ ಮೀನನ್ನು ಉಳಿಯಲ್ಲಿ ಹೆರೆದ ಪುಡಿ ಅದು. ಅಂದಿನಿಂದ ಶಾರದೆಯ ಅವಲಕ್ಕಿಯೇ ನನ್ನ ಜಪಾನೀ ಊಟವಾಯಿತು.

ಗುನ್ ಇದ್ದ ಪೇಟೆ

ನನ್ನ ಒತ್ತಾಯ ತಡೆಯಲಾರದೆ ಹರಾದ ಒಂದು ಬೆಳಗ್ಗೆ ನನ್ನನ್ನು ರೈಲು ಹತ್ತಿಸಿದರು. ಹಿಪ್ಪುನೇರಳೆ ತೋಟಗಳ ನಡುವಿನ ಒಂದು ಪೇಟೆಯಲ್ಲಿ ಇಳಿದೆವು. ಹೊಸ ಟೈ ಕಟ್ಟಿದ್ದೆ. ಗುನ್ ಅಧಿಕಾರಿಗೆ ಕೊಡಲೆಂದು ಗಂಧದ ಕಡ್ಡಿಯ ಪೊಟ್ಟಣ ಕೈಯಲ್ಲಿತ್ತು.

ಒಂದು ಹಳೆಯ ಮರದ ಕಟ್ಟಡದ ಮುಂದೆ ಅವರು ನಿಂತರು. ಗಂಭೀರವಾದ ಹೆಬ್ಬಾಗಿಲು, ಮೇಲೆ ಗೋಪುರದಂಥ ಸಣ್ಣ ಮಾಡು. ನಮ್ಮ ತಾಲೂಕು ಕಚೇರಿಯಂತೆಯೇ ಇತ್ತು. ಒಳಗಿನಿಂದ ಹಾರ್ಮೋನಿಯಂ ಸದ್ದು, ಅದಕ್ಕೆ ತಾಳ ಹಾಕುವ ಮಕ್ಕಳ ಸದ್ದು.

"ಇದೇ ಗುನ್ ಕಚೇರಿಯೇ?"

"ಹೌದು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಆಮೇಲೆ ಮುಚ್ಚಿದರು."

"ಮತ್ತೆ ಈಗ?"

"ಈಗ ಶಿಶುವಿಹಾರ."

ಅವರು ವಿವರಿಸಿದರು. ದೇಶದ ಎಲ್ಲ ಗುನ್ ಕಚೇರಿಗಳನ್ನೂ ಯುದ್ಧಕ್ಕೆ ಎಷ್ಟೋ ಮುಂಚೆಯೇ ತೆಗೆದುಹಾಕಿದ್ದರು. ಗುನ್ ಎಂಬುದು ನಕಾಶೆಯಲ್ಲಿದೆ, ಅಂಚೆ ವಿಳಾಸದಲ್ಲಿದೆ. ಅದಕ್ಕೆ ಅಧಿಕಾರಿ ಇಲ್ಲ, ಜವಾನ ಕೂಡ ಇಲ್ಲ. ಮೇಲೆ ಪ್ರಾಂತ್ಯ, ಅಂದರೆ ಕೆನ್, ಕೆಳಗೆ ನಗರ, ಪೇಟೆ, ಹಳ್ಳಿಗಳು. ಒಂದೊಂದಕ್ಕೂ ಜನರೇ ಆರಿಸಿದ ಮುಖ್ಯಸ್ಥ. ನಡುವೆ ಯಾರೂ ಇಲ್ಲ.

ನಡುವೆ ಯಾರೂ ಇಲ್ಲ ಎಂಬ ಮಾತು ನನಗೆ ಅರಗಲಿಲ್ಲ. ನನ್ನ ಇಡೀ ಉದ್ಯೋಗ ನಡುವೆ ಇರುವುದರಲ್ಲೇ ಕಳೆದಿದೆ. "ಹಾಗಾದರೆ ಹಳ್ಳಿಯಿಂದ ಬಂದ ಅರ್ಜಿಯನ್ನು 'ಪರಿಶೀಲಿಸಿ ಮೇಲಕ್ಕೆ ಕಳಿಸಿದೆ' ಎಂದು ಬರೆಯುವವರು ಯಾರು?" ಎಂದು ಕೇಳಿದೆ.

"ಅದು ನೇರವಾಗಿ ಹೋಗುತ್ತದೆ" ಎಂದರು ಹರಾದ, ಕ್ಷಮೆ ಕೇಳುವ ದನಿಯಲ್ಲಿ.

ಶಿಶುವಿಹಾರದ ಮೇಷ್ಟರಮ್ಮ ಹೊರಗೆ ಬಂದು ನಮ್ಮನ್ನು ಒಳಗೆ ಕರೆದರು. ಗುನ್ ಅಧಿಕಾರಿಯ ಕೋಣೆಯಿದ್ದ ಜಾಗದಲ್ಲಿ ಪುಟಾಣಿಗಳು ನನ್ನ ಸುತ್ತ ಮೊಲದಂತೆ ಕುಪ್ಪಳಿಸಿದವು. ನಾನೂ ಕುಪ್ಪಳಿಸಬೇಕೆಂದಾಯಿತು. ಟೈ ಕಟ್ಟಿಕೊಂಡು, ಮದ್ರಾಸ್ ಸರಕಾರದ ಪ್ರತಿನಿಧಿಯಾಗಿ, ಕುಪ್ಪಳಿಸಿದೆ. ಗಂಧದ ಕಡ್ಡಿಯನ್ನು ಮೇಷ್ಟರಮ್ಮನಿಗೆ ಕೊಟ್ಟೆ. ಅದು ತಿನ್ನುವಂಥದ್ದಲ್ಲ ಎಂದು ಹೇಳಲು ಮರೆತದ್ದು ರೈಲು ಹೊರಟ ಮೇಲೆ ನೆನಪಾಯಿತು.

ಮೇಯರ್ ಸಾಹೇಬರ ಕೋಣೆ

ನನ್ನ ಮುಖ ನೋಡಿ ಹರಾದರಿಗೆ ಕನಿಕರವಾಗಿರಬೇಕು. ಹಿಂದಿರುಗುವಾಗ, ನಡುವಿನ ಕಚೇರಿಗಳು ಕೆಲವು ಕಡೆ ಇವೆ ಎಂದರು. ಉತ್ತರದ ದೊಡ್ಡ ದ್ವೀಪ ಹೊಕ್ಕೈಡೊದಲ್ಲಿ ಹದಿನಾಲ್ಕು ಇವೆಯಂತೆ, ಏಕೆಂದರೆ ಅಲ್ಲಿ ದೂರ ಹೆಚ್ಚು, ಹಿಮ ಹೆಚ್ಚು. ಅವಕ್ಕೆ 'ಶಿಚೊ' ಎನ್ನುತ್ತಾರೆ. ಕೊಂಬೆಯ ಕಚೇರಿ ಎಂದು ಅರ್ಥ. ಕೆಲವು ಟೋಕಿಯೊ ಪ್ರಾಂತ್ಯದ ಒಳಗೂ ಇವೆ.

ಟೋಕಿಯೊದಲ್ಲೇ ಇರುವಾಗ ಹರಾದರಿಗೆ ಯಾಕೆ ತೊಂದರೆ ಎಂದು ಮರುದಿನ ನಾನೊಬ್ಬನೇ ಹೊರಟೆ. ನಗರದ ಅಂಚಿನ ಒಂದು ಸಣ್ಣ ಊರಲ್ಲಿ, ಕಚೇರಿಯಂತೆ ಕಂಡ ಕಟ್ಟಡಕ್ಕೆ ನುಗ್ಗಿ, ಮುಂದಿನ ಮೇಜಿನಲ್ಲಿದ್ದ ಹುಡುಗಿಗೆ ಸ್ಪಷ್ಟವಾಗಿ "ಶಿಚೊ" ಎಂದೆ. ಅವಳು ಬಗ್ಗಿ ನಮಸ್ಕರಿಸಿ ಒಳಗೆ ಓಡಿದಳು. ಓಡಿದ ವೇಗ ನೋಡಿ ನನಗೆ ಹೆಮ್ಮೆಯಾಯಿತು. ತುಸು ಹೊತ್ತಿನಲ್ಲಿ ನಾನು ದಪ್ಪ ಜಮಖಾನೆ ಹಾಸಿದ ಕೋಣೆಯಲ್ಲಿ ಕೂತು ಹಸಿರು ಚಹಾ ಕುಡಿಯುತ್ತಿದ್ದೆ. ಎದುರಿಗೆ ಬೋಳುತಲೆಯ, ನಗುಮುಖದ ಒಬ್ಬ ಹಿರಿಯರು. ಅವರು ತಮ್ಮ ಕಾರ್ಡು ಕೊಟ್ಟರು, ನಾನು ನನ್ನದು ಕೊಟ್ಟೆ. ಇಬ್ಬರೂ ಓದಲಾಗದ್ದನ್ನು ಗೌರವದಿಂದ ಓದಿದೆವು.

ಅಷ್ಟಿಷ್ಟು ಇಂಗ್ಲಿಷು ಬಲ್ಲ ಗುಮಾಸ್ತರೊಬ್ಬರು ಬಂದರು. ನಾನು, "ನಿಮ್ಮ ಕೈಕೆಳಗೆ ಎಷ್ಟು ಹಳ್ಳಿಗಳು?" ಎಂದು ಕೇಳಿದೆ. ಒಂದೂ ಇಲ್ಲ ಎಂದರು. "ಕಂದಾಯ ಬಾಕಿ ಉಳಿಸಿಕೊಂಡವರನ್ನು ಏನು ಮಾಡುತ್ತೀರಿ?" ಹಿರಿಯರು ಗಾಬರಿಯಾಗಿ ಗುಮಾಸ್ತರ ಮುಖ ನೋಡಿದರು. ನಾನು ಯಾವುದೋ ದೂರು ತಂದ ವಿದೇಶಿ ಎಂದು ಅವರಿಗೆ ಅನುಮಾನ ಬಂದಂತಿತ್ತು. "ನಿಮ್ಮನ್ನು ಇಲ್ಲಿಗೆ ಯಾರು ವರ್ಗ ಮಾಡಿದರು?" ಎಂದು ನಾನು ಕೇಳಿದಾಗ ಗುಮಾಸ್ತರು ಟೆಲಿಫೋನು ಎತ್ತಿಕೊಂಡರು.

ಹರಾದ ಬಂದು ನನ್ನನ್ನು ಬಿಡಿಸಿಕೊಂಡು ಹೋದರು. ನಾನು ಕೂತಿದ್ದದ್ದು ಆ ಸಣ್ಣ ಊರಿನ ಮೇಯರರ ಮುಂದೆ. ಮೇಯರನಿಗೂ ಜಪಾನಿಯಲ್ಲಿ 'ಶಿಚೊ' ಎಂದೇ ಹೇಳುವುದು. ಬರೆದರೆ ಬೇರೆ ಅಕ್ಷರ, ನನ್ನ ಬಾಯಲ್ಲಿ ಒಂದೇ. ಜನರು ಮತ ಹಾಕಿ ಆರಿಸಿದ ಮನುಷ್ಯನನ್ನು ನಾನು ಯಾರು ವರ್ಗ ಮಾಡಿದರೆಂದು ವಿಚಾರಣೆ ಮಾಡಿದ್ದೆ.

"ನಾಳೆ ನಿಜವಾದ ಶಿಚೊಗೆ ಹೋಗೋಣ" ಎಂದರು ಹರಾದ. "ಬೆಚ್ಚಗಿನ ಬಟ್ಟೆ ಇಟ್ಟುಕೊಳ್ಳಿ."

"ಟೋಕಿಯೊ ಒಳಗೇ ಅಲ್ಲವೇ?"

"ಟೋಕಿಯೊ ಒಳಗೇ" ಎಂದರು.

ದ್ವೀಪ

ಟ್ರಾಮು ಹತ್ತುವೆವು ಎಂದುಕೊಂಡಿದ್ದೆ. ಹಡಗು ಹತ್ತಿದೆವು. ಟೋಕಿಯೊ ಪ್ರಾಂತ್ಯದ ಗಡಿ ಸಮುದ್ರದೊಳಗೆ ಬಹುದೂರ ಹೋಗುತ್ತದೆ. ಜ್ವಾಲಾಮುಖಿಗಳು ಎಬ್ಬಿಸಿದ ಹಲವು ದ್ವೀಪಗಳು ಆ ರಾಜಧಾನಿಗೇ ಸೇರಿವೆ. ನಮ್ಮಲ್ಲಿ ಊರಂಚಿನ ಮಣಲಿ ಮದ್ರಾಸಿಗೆ ಸೇರುತ್ತದೆಯೋ ಇಲ್ಲವೋ ಎಂದು ವಾದ ಮಾಡುವವರು ನಾವು. ಇವರಿಗೆ ಸಮುದ್ರದ ನಡುವೆ ಹೊಗೆ ಉಗುಳುವ ಬೆಟ್ಟವೂ ಟೋಕಿಯೊ. ಹಡಗಿನಲ್ಲಿ ನನ್ನ ಸ್ಥಿತಿ ಹೇಗಿತ್ತೆಂದು ಬರೆಯುವುದಿಲ್ಲ. ಅವಲಕ್ಕಿ ನನ್ನ ಬಳಿ ಉಳಿಯಲಿಲ್ಲ ಎಂದರೆ ಸಾಕು.

ದ್ವೀಪದ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿನವರು ತಮ್ಮ ಜಗಳ ತೀರಿಸಿಕೊಂಡು ನೆಮ್ಮದಿಯಾಗಿದ್ದಾರೆ. ಅದನ್ನು ದೂರದ ಊರಿನವನೊಬ್ಬ ಅಚ್ಚು ಹಾಕಿಸುವುದು ಬೇಡ.

ಬಂದರಿನ ಪಕ್ಕದಲ್ಲಿ ಕೊನೆಗೂ ನನ್ನ ತಹಶೀಲ್ದಾರ ಸಿಕ್ಕಿದರು. ಶಿಚೊದ ಮುಖ್ಯಸ್ಥರ ಹೆಸರು ಇಶಿದ. ಜಗಲಿಯಲ್ಲಿ ಕಾದು ಕೂತ ಜನ, ಮೇಜಿನ ಮೇಲೆ ಮುದ್ರೆಗಳು, ಮೂಲೆಯಲ್ಲಿ ನಿದ್ದೆ ಹೋದ ಜವಾನ. ನನಗೆ ಕಣ್ಣು ತುಂಬಿ ಬಂತು. "ಈ ಹಳ್ಳಿಗಳೆಲ್ಲ ನಿಮ್ಮ ಮಾತು ಕೇಳಬೇಕಲ್ಲವೇ?" ಎಂದು ಆಸೆಯಿಂದ ಕೇಳಿದೆ.

ಇಶಿದ ನಕ್ಕರು. "ನಾನು ಕೊಂಬೆ. ಮರ ಟೋಕಿಯೊದಲ್ಲಿದೆ. ಎಲೆಗಳು ನನ್ನ ಮಾತು ಕೇಳಬೇಕೆಂದು ಯಾವ ಕಾನೂನೂ ಇಲ್ಲ." ರಸ್ತೆ, ಬಂದರು, ಮೀನುಗಾರಿಕೆ, ಬಡವರ ನೆರವು, ಇಂಥವು ಅವರ ಕೆಲಸ. ಹಳ್ಳಿಯ ವಿಷಯ ಹಳ್ಳಿಯವರದೇ.

ಈಗ ಆ ಎಲೆಗಳದೇ ಸಮಸ್ಯೆ. ಸಣ್ಣ ಹಳ್ಳಿಗಳನ್ನು ಕೂಡಿಸಿ ದೊಡ್ಡದು ಮಾಡುವ ಕೆಲಸ ದೇಶದ ತುಂಬ ನಡೆದಿತ್ತು. ಈ ದ್ವೀಪದಲ್ಲಿ ಎರಡು ಹಳ್ಳಿ: ಕೆಳಗೆ ಬಂದರಿನದು, ದೊಡ್ಡದು, ಬೆಟ್ಟದ ಹೆಗಲ ಮೇಲೆ ಇನ್ನೊಂದು, ಚಿಕ್ಕದು. ಕೆಳಗಿನವರು ಕೂಡಲು ಸಿದ್ಧ, ಮೇಲಿನವರು ಸಿದ್ಧರಿಲ್ಲ. ನಮಗೆ ವಸತಿ ಗೊತ್ತಾದದ್ದು ಮೇಲಿನ ಹಳ್ಳಿಯಲ್ಲಿ, ಕಿಯೊ ಎಂಬ ಅಜ್ಜಿಯ ಮನೆಯಲ್ಲಿ. ಅಜ್ಜಿ ಬಂದವರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದರು, ಕಮೀಲಿಯಾ ಎಂಬ ಹೂಮರದ ಬೀಜದ ಎಣ್ಣೆ ತೆಗೆಯುತ್ತಿದ್ದರು, ಹಳ್ಳಿಯ ಸಭೆಯ ಸದಸ್ಯರೂ ಆಗಿದ್ದರು. ಕೂಡಬಾರದು ಎನ್ನುವವರಲ್ಲಿ ಅವರೇ ಮುಂದು.

ಸಂಜೆ ಬೆಂಕಿಯ ಮುಂದೆ ಕೂತಾಗ ಅಜ್ಜಿ ಹರಾದರ ಮೂಲಕ ಕೇಳಿದರು. "ನಿಮ್ಮ ಊರು ಯಾವುದು?"

"ಮದ್ರಾಸು."

"ಅದು ಕೆಲಸದ ಊರು. ಹುಟ್ಟಿದ್ದು?"

ಕೊಳತ್ತಡ್ಕ ಎಂದೆ. ಕಾಸರಗೋಡು ತಾಲೂಕಿನ ಒಂದು ಮೂಲೆಯ ಹಳ್ಳಿ. ಅಜ್ಜಿ ಅದನ್ನು ಹೇಳಲು ಪ್ರಯತ್ನಿಸಿದರು. ಆ ಭಾಷೆಯಲ್ಲಿ ಲಕಾರವೇ ಇಲ್ಲ, ಇನ್ನು ಳಕಾರ ಎಲ್ಲಿಂದ ಬರಬೇಕು. 'ಕೊರತ್ತದುಕು' ಎಂದಾಯಿತು. ನಾನು ತಿದ್ದಿದೆ. ಮತ್ತೆ ಹೇಳಿದರು. ಹೇಳಿ ಹೇಳಿ ನಕ್ಕು, ಬಿಡದೆ ಇನ್ನೊಮ್ಮೆ ಹೇಳಿದರು.

ಶಾಲೆಯ ಸಭಾಂಗಣ

ಮರುದಿನ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಎರಡೂ ಹಳ್ಳಿಗಳ ಸಭೆ. ಇಶಿದ ನನ್ನನ್ನೂ ಕರೆದಿದ್ದರು. ಭಾರತದ ಪರಿಣತರೊಬ್ಬರು ಎರಡು ಮಾತಾಡುತ್ತಾರೆ ಎಂದು ಅವರು ಪ್ರಕಟಿಸಿದಾಗ, ಪರಿಣತರು ಯಾರು ಎಂದು ನಾನೂ ತಿರುಗಿ ನೋಡಿದೆ.

ನೆಲದ ಮೇಲೆ ಮಂಡಿ ಮಡಿಸಿ ಕೂತು ನನ್ನ ಕಾಲು ಜೋಮು ಹಿಡಿದಿತ್ತು. ಎದ್ದು ನಿಂತೆ ಎಂದುಕೊಂಡೆ, ಇಶಿದರ ಹೆಗಲ ಮೇಲೆ ಬಿದ್ದಿದ್ದೆ. ಇಬ್ಬರು ಮೀನುಗಾರರು ನನ್ನನ್ನು ಎತ್ತಿ ನಿಲ್ಲಿಸಿ, ಭಾಷಣ ಮುಗಿಯುವವರೆಗೂ ಕಂಬದಂತೆ ಅಕ್ಕಪಕ್ಕ ನಿಂತರು.

ನಾನು ಮಾತಾಡಿದೆ. ಕೂಡುವುದರಿಂದ ಖರ್ಚು ಕಡಿಮೆಯಾಗುತ್ತದೆ, ಆದರೆ ಜನರ ಭಾವನೆಯನ್ನು ಗಮನಿಸಬೇಕು. ಭಾವನೆ ಮುಖ್ಯ, ಆದರೆ ದಕ್ಷತೆಯನ್ನು ಮರೆಯಬಾರದು. ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ. ಇಷ್ಟು ವರ್ಷ ನಾನು ಫೈಲಿನಲ್ಲಿ ಬರೆದದ್ದೆಲ್ಲ ಇದೇ, ಆದ್ದರಿಂದ ಸರಾಗವಾಗಿ ಬಂತು. ಕೊನೆಗೆ ಎಲ್ಲವನ್ನೂ ಪರಿಗಣಿಸಿ ಸೂಕ್ತ ನಿರ್ಧಾರ ಕೈಗೊಳ್ಳಬೇಕೆಂದು ಮುಗಿಸಿದೆ.

ಹರಾದ ಎದ್ದು ಒಂದೇ ಒಂದು ಸಣ್ಣ ವಾಕ್ಯ ಹೇಳಿ ಕೂತರು. ಇಡೀ ಸಭೆ ನಕ್ಕಿತು. ಆಮೇಲೆ ಚಪ್ಪಾಳೆ ಹೊಡೆಯಿತು.

"ಏನೆಂದು ಹೇಳಿದಿರಿ?" ಎಂದು ಪಿಸುಗುಟ್ಟಿದೆ.

"ನಿಮಗೆ ಗೊತ್ತಿಲ್ಲ ಎಂದು ಹೇಳಿದೆ."

ಕೋಪ ಮಾಡಿಕೊಳ್ಳಲು ಸಮಯ ಸಿಗಲಿಲ್ಲ. ಕಿಯೊ ಅಜ್ಜಿ ಎದ್ದು ನಿಂತಿದ್ದರು. ಇಲ್ಲಿಗೆ ಬಂದ ಅಧಿಕಾರಿಗಳಲ್ಲಿ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡವರು ಇವರೊಬ್ಬರೇ, ಆದ್ದರಿಂದ ಇವರನ್ನು ಗೊತ್ತಿರುವ ಸಂಗತಿ ಕೇಳೋಣ ಎಂದರು. ನಿಮ್ಮ ಹಳ್ಳಿಯನ್ನು ಯಾರಾದರೂ ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೇರಿಸಿದ್ದಾರೆಯೇ?

ಅಲ್ಲಿಯವರೆಗೆ ನನ್ನ ಊರಿನ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಮದ್ರಾಸಿನಲ್ಲಿ ಅದನ್ನು ಕೇಳುವವರಿಲ್ಲ, ಊರಿನಲ್ಲಿ ಎಲ್ಲರಿಗೂ ಗೊತ್ತು. ಫೈಲಿನ ಇಂಗ್ಲಿಷು ಇದಕ್ಕೆ ಒದಗಲಿಲ್ಲ. ತುಂಡು ತುಂಡಾಗಿ ಹೇಳಿದೆ.

"ನನ್ನ ಹಳ್ಳಿ ಮದ್ರಾಸ್ ರಾಜ್ಯದಲ್ಲಿತ್ತು. ಭಾಷೆ ನೋಡಿ ರಾಜ್ಯಗಳನ್ನು ಬೇರೆ ಮಾಡಿದಾಗ ನಮ್ಮ ಜಿಲ್ಲೆ ಮೈಸೂರಿಗೆ ಹೋಯಿತು. ನಮ್ಮ ತಾಲೂಕು ಮಾತ್ರ ಕೇರಳಕ್ಕೆ ಹೋಯಿತು. ನಾವು ಮನೆಯಲ್ಲಿ ಆಡುವುದು ಕನ್ನಡ. ತಂಗಿಯನ್ನು ಕೊಟ್ಟದ್ದು ಗುಡ್ಡದ ಆಚೆಗೆ, ಅದೀಗ ಬೇರೆ ರಾಜ್ಯ. ಅಣ್ಣ ಊರಿನಲ್ಲೇ ಇದ್ದಾನೆ. ನಾನು ಕೆಲಸ ಬಿಡಲಾರದೆ ಮದ್ರಾಸಿನಲ್ಲಿ ಉಳಿದೆ. ಒಂದೇ ಮನೆಯ ಮೂವರು ಮೂರು ರಾಜ್ಯದವರಾದೆವು."

"ನಿಮ್ಮನ್ನು ಕೇಳಿದರೇ?" ಅಜ್ಜಿಯ ಪ್ರಶ್ನೆ.

"ಕೇಳುವವರು ಬಂದಿದ್ದರಂತೆ. ನಮ್ಮ ಊರಿಗೆ ಬರಲಿಲ್ಲ."

"ಆ ದಿನ ಏನು ಮಾಡಿದಿರಿ?"

"ಕಾಫಿ ಕುಡಿದು ಆಫೀಸಿಗೆ ಹೋದೆ."

ಯಾರೂ ನಗಲಿಲ್ಲ. ಹರಾದ ಈ ಬಾರಿ ಒಂದೊಂದು ಮಾತನ್ನೂ ನಿಧಾನವಾಗಿ, ನಾನು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ತಿಳಿಸುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ಮೇಲಿನ ಹಳ್ಳಿಯ ಎಳೆಯ ರೈತನೊಬ್ಬ, ಈಗ ಅಲ್ಲಿ ಏನು ಕಷ್ಟ ಎಂದು ಕೇಳಿದ.

"ಅಣ್ಣ ಅದೇ ಗದ್ದೆ ಉಳುತ್ತಾನೆ. ಬಾವಿ ಅದೇ, ನೆರೆಹೊರೆ ಅದೇ. ಕಚೇರಿಗೆ ಹೋದಾಗ ಮಾತ್ರ ಗುಮಾಸ್ತ ಒಂದು ಭಾಷೆಯಲ್ಲಿ ಕೇಳುತ್ತಾನೆ, ಅಣ್ಣ ಇನ್ನೊಂದರಲ್ಲಿ ಹೇಳುತ್ತಾನೆ. ಶಾಲೆಯಲ್ಲಿ ಕನ್ನಡ ಮೇಷ್ಟರು ಇರುತ್ತಾರೋ ಇಲ್ಲವೋ ಎಂದು ಪ್ರತಿ ವರ್ಷ ಹೆದರಿಕೆ. ಕಚೇರಿ ಎಲ್ಲಿರಬೇಕು, ಅದರಲ್ಲಿ ಯಾರು ಕೂರಬೇಕು, ಶಾಲೆ ಹೇಗಿರಬೇಕು, ಇದನ್ನೆಲ್ಲ ಮೊದಲೇ ಕೇಳಿ ಪಡೆದುಕೊಳ್ಳಬೇಕಾಗಿತ್ತು. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ."

ಕೂತೆ. ಇಶಿದ ನನ್ನ ಕಡೆ ನೋಡಲಿಲ್ಲ. ಆ ದಿನವೇ ಒಪ್ಪಿಗೆ ಪಡೆದು ಟೋಕಿಯೊಗೆ ತಂತಿ ಕಳಿಸಬೇಕೆಂದು ಅವರು ಸಿದ್ಧರಾಗಿದ್ದರಂತೆ. ಮೇಲಿನ ಹಳ್ಳಿಯವರು ತಾವು ಯೋಚಿಸಬೇಕೆಂದು ಎದ್ದು ಹೋದರು.

ಗಾಳಿ

ಮರುದಿನವೇ ಹೊರಡಬೇಕಾಗಿದ್ದ ನಮ್ಮನ್ನು ಗಾಳಿ ಹಿಡಿದು ನಿಲ್ಲಿಸಿತು. ಹಡಗು ದ್ವೀಪದ ಹತ್ತಿರ ಬರಲಾಗದೆ ತಿರುಗಿ ಹೋಯಿತು. ನಮ್ಮ ಮದ್ರಾಸಿನ ಬಂದರು ಕಟ್ಟುವ ಮುಂಚೆ ಹಡಗಿನವರು ಅಲೆ ದಾಟಿ ದಡಕ್ಕೆ ಬರಲು ಪಟ್ಟ ಪಾಡನ್ನು ಹಿರಿಯರಿಂದ ಕೇಳಿದ್ದೆ. ಇಲ್ಲಿ ಅದು ಮಾಮೂಲು. ಗಾಳಿ ಒಪ್ಪಿದರೆ ಟೋಕಿಯೊ, ಇಲ್ಲದಿದ್ದರೆ ಇಲ್ಲ.

ಆದ್ದರಿಂದ ನಾನು ಹಚ್ಚಿದ ಬೆಂಕಿ ಹೇಗೆ ಉರಿಯಿತೆಂದು ನೋಡುವ ಭಾಗ್ಯ ನನಗೇ ಬಂತು. ಮೇಲಿನ ಹಳ್ಳಿಯವರು ದಿನವಿಡೀ ಮನೆಯಿಂದ ಮನೆಗೆ ಓಡಾಡಿದರು. ಆ ಎಳೆಯ ರೈತ ಮತ್ತು ಅವನ ಜೊತೆಯವರು ಒಂದು ಮಾತಿಗೆ ಬಂದರು. ಕೂಡೋಣ. ಆದರೆ ಶಾಲೆ ಇಲ್ಲೇ ಇರಬೇಕು. ಕಚೇರಿಯ ಒಂದು ಕೋಣೆ ಇಲ್ಲಿಯೂ ತೆರೆದಿರಬೇಕು, ಅದರಲ್ಲಿ ಕೂರುವವನು ನಮ್ಮ ಹಳ್ಳಿಯವನೇ ಆಗಬೇಕು. ಹಳ್ಳಿಯ ಹೆಸರು ಈ ಕೇರಿಯ ಹೆಸರಾಗಿ ಉಳಿಯಬೇಕು.

ಮತ್ತೆ ಸಭೆ ಸೇರಿತು. ಈ ಸಲ ನಾನು ಬಾಗಿಲ ಬಳಿ ಕಾಲು ಚಾಚಿ ಕೂತೆ, ಬಾಯಿ ಮುಚ್ಚಿಕೊಂಡಿದ್ದೆ. ಕೆಳಗಿನ ಹಳ್ಳಿಯವರು ಕೆಲವಕ್ಕೆ ಗೊಣಗಿ, ಕೊನೆಗೆ ಎಲ್ಲಕ್ಕೂ ಒಪ್ಪಿದರು. ಇಶಿದರೂ ಒಪ್ಪಿದರು. ಮೇಲಿನ ಹಳ್ಳಿಯ ಸದಸ್ಯರು ಕೈ ಎತ್ತಿದರು. ಎತ್ತದೆ ಉಳಿದ ಕೆಲವು ಕೈಗಳಲ್ಲಿ ಕಿಯೊ ಅಜ್ಜಿಯದೂ ಒಂದು. ಅಜ್ಜಿ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ನೇರವಾಗಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಎದ್ದು, ಗೆದ್ದವರಿಗೂ ಸೋತವರಿಗೂ ತಾವೇ ಚಹಾ ಬಗ್ಗಿಸಿ ಕೊಟ್ಟರು.

ನನ್ನ ಸರದಿ ಬಂದಾಗ ಬಟ್ಟಲನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು ಏನೋ ಹೇಳಿದರು.

"ಏನು ಹೇಳಿದರು?"

"ಸ್ವಲ್ಪ ಕಷ್ಟ" ಎಂದರು ಹರಾದ.

"ಹೇಳಿ ಪರವಾಗಿಲ್ಲ."

"ನೀವು ಮೊದಲಿನಂತೆ ಏನೂ ಗೊತ್ತಿಲ್ಲದೆ ಇದ್ದಿದ್ದರೆ ಅವರ ಹಳ್ಳಿ ಉಳಿಯುತ್ತಿತ್ತಂತೆ."

ಅಜ್ಜಿಗೆ ಒಳ್ಳೆಯದಾಗಲಿ ಎಂದೇ ನಾನು ಮಾತಾಡಿದ್ದೆ. ಬಾಗಿಲ ಹೊರಗೆ ಇಶಿದ ಸಿಕ್ಕಿ, ನನ್ನಿಂದಾಗಿ ತಮಗೆ ಇನ್ನೊಂದು ಗುಮಾಸ್ತನ ಹುದ್ದೆ ಕೇಳಿ ಟೋಕಿಯೊಗೆ ಬರೆಯುವ ಕರ್ಮ ಬಂತು ಎಂದು ನಗುತ್ತಲೇ ದೂರಿದರು. ಎರಡೂ ಪಕ್ಷಗಳು ನನ್ನ ಮೇಲೆ ಮುನಿಸಿಕೊಂಡಿದ್ದವು. ನಡು ಅಧಿಕಾರಿಯ ಕೆಲಸ ಎಂದರೆ ಇದೇ, ಇದನ್ನು ನೋಡಲು ನಾನು ಇಷ್ಟು ದೂರ ಬರಬೇಕಾಗಿರಲಿಲ್ಲ.

ಆ ಸಂಜೆ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಆದರೆ ನನ್ನ ತಟ್ಟೆಯಲ್ಲಿ ಬರೀ ಅನ್ನ, ಬೇಯಿಸಿದ ಗೆಣಸು, ಉಪ್ಪಿನಲ್ಲಿ ಹಾಕಿದ ಮೂಲಂಗಿ ಇತ್ತು. ಗೆಣಸನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿದ್ದೇನೆ, ಮೀನಿನ ನೀರು ಮುಟ್ಟಿಸಿಲ್ಲ ಎಂದು ಗೋಡೆಯ ಕಡೆ ನೋಡುತ್ತ ಹರಾದರಿಗೆ ಹೇಳಿದರು. ನನ್ನ ಚಟ್ನಿಪುಡಿಯ ಡಬ್ಬಿಯನ್ನು ಅಜ್ಜಿಯ ಮುಂದೆ ಸರಿಸಿದೆ. ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬಂದರೂ, ಇನ್ನೊಂದು ಚಿಟಿಕೆ ತೆಗೆದುಕೊಂಡರು.

ದೋಣಿ

ಗಾಳಿ ಇಳಿದ ದಿನ ಹಡಗು ಬಂದು ದೂರದಲ್ಲೇ ನಿಂತಿತು. ಕಟ್ಟೆಗೆ ಬರುವಷ್ಟು ಸಮುದ್ರ ಇನ್ನೂ ತಣಿದಿರಲಿಲ್ಲ. ದೋಣಿಯಲ್ಲಿ ಹೋಗಿ ಹತ್ತಬೇಕು. ಇಶಿದ ಬಂದು ಕಾರ್ಡು ಕೊಟ್ಟರು. ಮೊದಲ ದಿನವೂ ಕೊಟ್ಟಿದ್ದರು. ನಾನೂ ಮತ್ತೆ ಕೊಟ್ಟೆ. ಇಬ್ಬರೂ ಆಳವಾಗಿ ಬಗ್ಗಿದೆವು. ಅಜ್ಜಿ ಬರಲಾರರು ಎಂದುಕೊಂಡಿದ್ದೆ.

ದೋಣಿ ಏರಿ, ತೆರೆಯ ಏರಿಳಿತಕ್ಕೆ ಒಂದು ಹಲಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಾಗ ಕಟ್ಟೆಯ ಮೇಲೆ ಕಂಡರು. ಬೆಟ್ಟದಿಂದ ನಡೆದು ಬಂದು ಉಸಿರು ಹತ್ತಿತ್ತು. ಬಾಗಿ ನಮಸ್ಕರಿಸಲಿಲ್ಲ, ಕೈ ಬೀಸಲೂ ಇಲ್ಲ. ಸುಮ್ಮನೆ ನಿಂತು ನೋಡುತ್ತಿದ್ದರು.

ದೋಣಿಯ ಹಿಂಬದಿಯಲ್ಲಿ ಹುಟ್ಟು ಹಿಡಿದ ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಇವನು ಎಲ್ಲಿಯವನು ಎಂದು ಹರಾದರನ್ನು ಕೇಳಿದ. ಅಷ್ಟು ಜಪಾನೀ ನನಗೂ ಅರ್ಥವಾಗುತ್ತಿತ್ತು.

"ಇಂಡೊ" ಎಂದು ಗಟ್ಟಿಯಾಗಿ ಹೇಳಿದರು ಹರಾದ. ಭಾರತ.

"ಅಲ್ಲ" ಎಂಬಂತೆ ಕಟ್ಟೆಯ ಮೇಲಿಂದ ಅಜ್ಜಿ ಕೂಗಿದರು. ಅಲೆಯ ಸದ್ದಿನ ಮೇಲೆ ಕೇಳಬೇಕೆಂದು ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಕೂಗಿದರು.

"ಕೊ-ರ-ತ್ತ-ದು-ಕು."

ಮುದುಕ ತಲೆಯಾಡಿಸಿದ. ಅದು ಪಕ್ಕದ ದ್ವೀಪವೇನೋ ಎಂಬಂತೆ, ಅಲ್ಲಿ ಅವನಿಗೆ ನೆಂಟರಿದ್ದಾರೇನೋ ಎಂಬಂತೆ, ಸರಿ ಸರಿ ಎಂದು ತಲೆಯಾಡಿಸಿ ಹುಟ್ಟು ಹಾಕಿದ.